ಎಡಗಡೆಯ ಗೋಲು ಕಂಬ

ಬೂರಾಂಗಿ ಊರಿನ ಫುಟ್ಬಾಲ್ ಕ್ಲಬ್ಬಿಗೆ ಕ್ಲೆಮ್ ಟ್ರೆಂಬಾತ್ ಇಪ್ಪತ್ತೊಂದು ವರ್ಷ ಆಡಿದ. ಅಲ್ಲಿನ ಫುಟ್ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಆಟ. ಮುನ್ನೂರ ಹನ್ನೆರಡು ಪಂದ್ಯ, ಮೂರು ಸಲ ಮುರಿದ ಮೂಗು, ಸವೆದುಹೋದ ಎರಡು ಮಂಡಿ, ಗೋಲು ಮಾತ್ರ ಸೊನ್ನೆ. ಅವನು ಕೊನೆಯ ಸಾಲಿನ ಕಾವಲುಗಾರ. ಬೇರೆಯವರ ಗೋಲು ತಡೆಯುವುದಷ್ಟೇ ಅವನ ಪಾಲಿಗೆ ಬಂದದ್ದು. ವಾರವಿಡೀ ಗೋಧಿ ಹೊಲಗಳ ನಡುವಿನ ಮಣ್ಣುರಸ್ತೆಗಳನ್ನು ಗ್ರೇಡರ್ ಓಡಿಸಿ ಮಟ್ಟ ಮಾಡುತ್ತಿದ್ದ, ಶನಿವಾರ ಎದುರಾಳಿಗಳನ್ನು ಮಟ್ಟ ಹಾಕುತ್ತಿದ್ದ.

ಬೂರಾಂಗಿಯಲ್ಲಿ ಜನ ಕಾರುಗಳನ್ನು ಮೈದಾನದ ಬೇಲಿಗೆ ಮೂತಿ ಹಚ್ಚಿ ನಿಲ್ಲಿಸಿ, ಒಳಗೇ ಕೂತು ಆಟ ನೋಡುತ್ತಾರೆ. ತೊಡೆಯ ಮೇಲೆ ಬಿಸಿ ಮಾಂಸದ ಪೈ ಇರುತ್ತದೆ. ನಮ್ಮವರ ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ತೂರಿತೆಂದರೆ ಗೋಲು, ಆರು ಅಂಕ, ಅಷ್ಟೂ ಕಾರುಗಳು ಒಟ್ಟಿಗೆ ಹಾರನ್ ಹೊಡೆಯುತ್ತವೆ. ಕಂಬಕ್ಕೆ ಒಂಚೂರು ತಾಗಿದರೂ ಒಂದೇ ಅಂಕ. ಒಂದು ಅಂಕಕ್ಕೆ ಯಾರೂ ಹಾರನ್ ಮುಟ್ಟುವುದಿಲ್ಲ, ಪೈ ತಿನ್ನುತ್ತಾ ಕೂರುತ್ತಾರೆ. ಇಪ್ಪತ್ತೊಂದು ವರ್ಷದಲ್ಲಿ ಕ್ಲೆಮ್‌ಗಾಗಿ ಒಂದೇ ಒಂದು ಹಾರನ್ ಕೂಗಿರಲಿಲ್ಲ. ಆ ಕೊರಗು ಅವನ ಹೆಂಡತಿ ನೋರೀನ್‌ಗೆ ಮಾತ್ರ ಗೊತ್ತಿತ್ತು.

ಅವನ ಕೊನೆಯ ಪಂದ್ಯದ ದಿನ ಅಪರೂಪಕ್ಕೆ ಮಳೆ ಹೊಯ್ದು, ಮೈದಾನವೆಲ್ಲ ಕೆಂಪು ಕೆಸರಾಗಿತ್ತು. ಆಟ ಮುಗಿಯಲು ಇನ್ನೈದು ನಿಮಿಷ, ಬೂರಾಂಗಿ ನಾಲ್ಕು ಅಂಕ ಹಿಂದೆ. ಕೋಚ್‌ಗೆ ಕನಿಕರ ಹುಟ್ಟಿತು.

"ಹೋಗೋ ಮಾರಾಯ, ಒಂದ್ಸಲ ಮುಂದೆ ನಿಂತು ಬಾ. ಹೆಂಗೂ ಕೆಸರಲ್ಲಿ ನಿನ್ನಷ್ಟು ಚೆನ್ನಾಗಿ ಜಾರೋರು ಯಾರೂ ಇಲ್ಲ."

ಕ್ಲೆಮ್ ಹೋಗಿ ನಿಂತ. ಕೊನೆಯ ನಿಮಿಷದಲ್ಲಿ ಎಲ್ಲಿಂದಲೋ ಬಂದ ಚೆಂಡು ಅವನ ತೋಳಿಗೇ ಬಿತ್ತು, ಆ ಕ್ಷಣಕ್ಕೇ ಆಟ ಮುಗಿದ ಸೈರನ್ ಕೂಗಿತು. ಚೆಂಡು ಹಿಡಿದವನಿಗೆ ಸೈರನ್ ಆದಮೇಲೂ ಒಂದು ಒದೆತ ಉಂಟು. ಕಂಬಗಳ ನಡುವೆ ಬಿಳಿ ಕೋಟು ಹಾಕಿಕೊಂಡು ನಿಂತಿದ್ದ ಗೋಲು ಅಂಪೈರ್ ಲ್ಯಾನ್ಸ್ ಆಜರ್ಸ್ ನೋರೀನ್‌ಳ ಸ್ವಂತ ತಮ್ಮ.

ಕ್ಲೆಮ್ ಒದ್ದ. ಚೆಂಡು ಕಾಲು ಬಿಟ್ಟಿತೋ ಇಲ್ಲವೋ, ಇಡೀ ಊರಿನ ಕಾರುಗಳು ಬಾಯಿಬಿಟ್ಟವು. ಜೊತೆಯವರು ಓಡಿಬಂದು ಅವನನ್ನು ಹೆಗಲಿಗೇರಿಸಿದರು. ಆ ಎತ್ತರದಿಂದ ಕ್ಲೆಮ್‌ಗೆ ಭಾಮೈದ ಸ್ಪಷ್ಟವಾಗಿ ಕಂಡ. ಗೋಲಿಗೆ ಎರಡು ಬೆರಳು ತೋರಿಸಬೇಕಾದ ಪುಣ್ಯಾತ್ಮ ಒಂದೇ ಬೆರಳು ತೋರಿಸುತ್ತಿದ್ದ.

"ಎಡಗಡೆ ಕಂಬಕ್ಕೆ ತಾಗಿತು," ಅಂದ ಲ್ಯಾನ್ಸ್.

"ನಿನ್ನ ತಲೆಗೆ ತಾಗಿರ್ಬೇಕು!" ಕ್ಲೆಮ್ ಹೆಗಲ ಮೇಲಿಂದಲೇ ಕೂಗಿದ. ಹೊತ್ತವರು ಅವನನ್ನು ಕೆಳಗಿಳಿಸಿದರು, ಮೆಲ್ಲಗೇನೂ ಅಲ್ಲ.

ಆಮೇಲೆ ಹದಿನೆಂಟು ವರ್ಷ ಭಾವ ಭಾಮೈದರ ನಡುವೆ ಮಾತಿಲ್ಲ. ಪ್ರತಿ ಕ್ರಿಸ್‌ಮಸ್ ಊಟಕ್ಕೆ ಮಾತ್ರ ಒಂದೇ ಮೇಜಿಗೆ ಕೂರುತ್ತಿದ್ದರು.

"ನೋರೀನ್, ಆ ಸಾಸಿವೆ ಬಾಟ್ಲಿ ಕೊಡೋಕೆ ನಿನ್ನ ತಮ್ಮನಿಗೆ ಹೇಳು."

"ಅಕ್ಕಾ, ಬಾಟ್ಲಿ ನಿನ್ನ ಗಂಡನ ಮೊಣಕೈ ಹತ್ರಾನೇ ಇದೆ ಅಂತ ಹೇಳು. ಅವನಿಗೆ ಹತ್ತಿರದ್ದು ಕಾಣೋದೇ ಇಲ್ಲ."

"ಇನ್ನೊಂದು ಮಾತಾಡಿದ್ರೆ ಇಬ್ಬರ ತಲೆ ಮೇಲೂ ಸುರೀತೀನಿ," ಅನ್ನುತ್ತಿದ್ದಳು ನೋರೀನ್.

ಈ ವರ್ಷ ಕ್ಲಬ್ಬಿನವರು ಅಲ್ಯೂಮಿನಿಯಂ ಕಂಬ ನೆಟ್ಟು, ಹಳೆಯ ಮರದ ಕಂಬಗಳನ್ನು ಶೆಡ್ಡಿನ ಹಿಂದೆ ಬಿಸಾಕಿದರು. ಕ್ಲೆಮ್ ಎಡಗಡೆಯದನ್ನು ತನ್ನ ಗಾಡಿಗೆ ಹಾಕಿಕೊಂಡು ಮನೆಗೆ ತಂದ. ಪ್ರತಿ ವರ್ಷ ಆಟ ಶುರುವಾಗುವ ಮುಂಚೆ ಕಂಬಗಳಿಗೆ ಬಿಳಿ ಬಣ್ಣ ಬಳಿಯುವುದು ಲ್ಯಾನ್ಸ್‌ನ ಪಾಲಿನ ಕೆಲಸ. ಅವನೋ ಮಹಾ ಸೋಮಾರಿ. ತೊಳೆಯದೆ, ಒರೆಸದೆ, ಜೇಡ ಕೂತಿದ್ದರೆ ಜೇಡದ ಮೇಲೇ ಬಳಿಯುವವನು. ಅಂದಮೇಲೆ ಚೆಂಡು ತಾಗಿದ್ದರೆ ಆ ಕೆಸರು ಬಣ್ಣದಡಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದು ಗೋಲು. ಕ್ಲೆಮ್ ತಗಡು ಹಿಡಿದು ಬಣ್ಣವನ್ನು ಪದರ ಪದರವಾಗಿ ಕೆರೆಯತೊಡಗಿದ.

"ಸತ್ತ ಕಂಬದ ಚರ್ಮ ಸುಲೀತಿದೀಯಲ್ಲ, ನಾಚಿಕೆ ಆಗಲ್ವಾ?" ನೋರೀನ್ ಕೇಳಿದಳು.

"ಏನೂ ಇಲ್ಲ ಅಂತ ತೋರಿಸಿ ನಿನ್ನ ತಮ್ಮನ ಮೂತಿಗೆ ಹಿಡೀತೀನಿ."

ಮೂರನೆಯ ದಿನ, ಹದಿನೆಂಟು ಪದರ ಎದ್ದ ಮೇಲೆ, ಅಂಗೈಯಗಲದ ಕೆಂಪು ಕಲೆಯೊಂದು ಹೊರಬಿತ್ತು. ಅದರ ನಡುವೆ ಚೆಂಡಿನ ಬಾಯಿ ಬಿಗಿದ ಲೇಸಿನ ಹೊಲಿಗೆ ಒಂದೊಂದೂ ಅಚ್ಚೊತ್ತಿತ್ತು. ಕ್ಲೆಮ್ ಒಳಗಿಂದ ಹಳೆಯ ಚೆಂಡು ತಂದು ಇಟ್ಟು ನೋಡಿದ. ತಿರುಗಿಸಿ ಇಟ್ಟ. ಎರಡು ಸಲವೂ ಹೊಲಿಗೆಗೆ ಹೊಲಿಗೆ ಕೂತಿತು.

ನೋರೀನ್ ಮನೆಯಲ್ಲಿರಲಿಲ್ಲ. ಒಂದೇ ಸಲ ಕೆರೆದರೆ ಕಲೆ ಹೋಗುತ್ತಿತ್ತು, ಗೋಲು ಉಳಿಯುತ್ತಿತ್ತು. ಕೆರೆಯುವ ತಗಡನ್ನು ಅದರ ಮೇಲೆ ಇಟ್ಟೂ ಬಿಟ್ಟ. ಆಗ ಅವನಿಗೆ ನೆನಪಾದದ್ದು ಊರಿಗೆ ಊರೇ ಹಾರನ್ ಹೊಡೆಯುತ್ತಿರುವಾಗ ಒಂದು ಬೆರಳೆತ್ತಿ ನಿಂತಿದ್ದ ಬಿಳಿ ಕೋಟು. ಎಲ್ಲರ ಹಿಂದೆ ಒಬ್ಬನೇ ನಿಲ್ಲುವುದು ಎಂಥ ಕೆಲಸವೆಂದು ಕ್ಲೆಮ್‌ಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಇರಲಿಲ್ಲ. ಬೈದುಕೊಳ್ಳುತ್ತಲೇ ಕಂಬವನ್ನು ಗಾಡಿಗೇರಿಸಿದ.

ಲ್ಯಾನ್ಸ್ ಟೊಮೇಟೊ ಗಿಡಕ್ಕೆ ನೀರು ಬಿಡುತ್ತಿದ್ದ. ಬೇಲಿ ಹತ್ತಿರ ಬಂದು ಕನ್ನಡಕ ಏರಿಸಿ ಕಲೆಯನ್ನು ನೋಡಿದ, ಬೆರಳಾಡಿಸಿದ. ಅಲ್ಲೇ ಗಾಡಿಯ ಅಂಚಿನ ಮೇಲೆ ಕೂತುಬಿಟ್ಟ.

"ಟಕ್ ಅಂತ ಕೇಳಿಸ್ತು ಕಣೋ," ಅಂದ. "ಆದ್ರೆ ಆ ಹಾರನ್ ಗಲಾಟೇಲಿ ಯಾರ್ದೋ ಕಾರಿನ ಬಾಗಿಲು ಬಡಿದ ಸದ್ದೇನೋ, ಸುಮ್ನೆ ನಿನ್ನ ಗೋಲು ತಿಂದ್ನೇನೋ ಅಂತ ಹದಿನೆಂಟು ವರ್ಷದಿಂದ ಒದ್ದಾಡಿದೀನಿ."

"ಆವತ್ತೇ ಕಂಬ ನೋಡೋಕೇನಾಗಿತ್ತು ನಿಂಗೆ?"

"ಏನೂ ಇಲ್ದೇ ಇದ್ದಿದ್ರೆ? ಹೆದರಿಕೆ. ಅದಕ್ಕೇ ಪ್ರತಿ ವರ್ಷ ಕಣ್ಮುಚ್ಕೊಂಡೇ ಬಣ್ಣ ಬಳಿದೆ."

"ಅದು ನಿನ್ನ ಬಣ್ಣ ನೋಡಿದೋರಿಗೆಲ್ಲ ಗೊತ್ತಿತ್ತು ಬಿಡು."

ಆಮೇಲೆ ಲ್ಯಾನ್ಸ್ ಎದ್ದು, ರಸ್ತೆಯ ಎರಡೂ ಕಡೆ ನೋಡಿ, ಗಾಡಿಯ ಕಿಟಕಿಯೊಳಗೆ ಕೈ ಹಾಕಿ ಹಾರನ್ ಒತ್ತಿದ. ಚಿಕ್ಕದಾಗಿ, ಒಂದೇ ಸಲ.

ಕ್ಲೆಮ್ ಮೂರು ಸಲ ಮುರಿದ ಮೂಗನ್ನು ತೋಳಿನಿಂದ ಒರೆಸಿಕೊಂಡ.

"ಇನ್ನೊಂದ್ಸಲ ಹೊಡಿಯೋ."

"ಆಗಲ್ಲ," ಅಂದ ಲ್ಯಾನ್ಸ್. "ಕಂಬಕ್ಕೆ ತಾಗಿದೆ."