ಜಪಾನಿಗೆ ಹೊರಟ ಕಾರಿಗೆ ಮಾಡಿದ ಪೂಜೆ

ಮಕ್ಕಳೇ, ನಿಮ್ಮ ಅಜ್ಜ ಅಮೆರಿಕದ ಪೊವೇ ಎಂಬ ಊರಿನಲ್ಲಿ ಇಂಜಿನಿಯರ್ ಆಗಿದ್ದರೆಂದು ನಿಮಗೆ ಗೊತ್ತು. ತೊಂಬತ್ತರ ದಶಕದ ಮೊದಲಲ್ಲಿ, ರಜೆಯ ದಿನಗಳಲ್ಲಿ ಅವರು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು, ಗ್ಯಾರೇಜಿನಲ್ಲಿ ರಿಪೇರಿ ಮಾಡಿ ಜಪಾನಿನವರಿಗೆ ಮಾರುತ್ತಿದ್ದರು. ಅಲ್ಲಿ ಅಮೆರಿಕದ ಕಾರಿನ ಹುಚ್ಚು ಹಿಡಿದವರು ಬೇಕಾದಷ್ಟು ಜನ ಇದ್ದರು.

ಒಂದು ಕೆಂಪು ಕಾರು ಕೊಂಡ ಜಪಾನಿನವರೊಬ್ಬರು ತಾವೇ ನೋಡಲು ಬಂದರು. ಹಲ್ಲಿನ ಸೆಟ್ ತಯಾರಿಸುವುದು ಅವರ ಕೆಲಸ. ನಮ್ಮಲ್ಲೇ ಊಟ. ನಾನು ಬಡಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವರು ಹೇಳಿದ್ದನ್ನು ನಿಮ್ಮ ಅಜ್ಜ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅಲ್ಲಿ ಇಂಜಿನ್ ದೊಡ್ಡದಾದಷ್ಟೂ ತೆರಿಗೆ ಹೆಚ್ಚಂತೆ. ಸರ್ಕಾರದ ತಪಾಸಣೆಗೆ ಬೇರೆ ದುಡ್ಡು. ಏನು ಹಾಳಾದರೂ ಪಾರ್ಟ್ಸ್ ಅಮೆರಿಕದಿಂದಲೇ ಬರಬೇಕು. ಸ್ಟಿಯರಿಂಗ್ ಎಡಕ್ಕೆ, ಟೋಲ್ ಕಟ್ಟುವ ಕಿಟಕಿ ಬಲಕ್ಕೆ. ಒಬ್ಬರೇ ಇದ್ದರೆ ಇಳಿದು ಸುತ್ತಿಬಂದು ಕಟ್ಟಬೇಕು.

"ಹೆಂಡತಿ ಬೈಯುವುದಿಲ್ಲವಾ ಕೇಳಿ," ಎಂದೆ.

ಅಜ್ಜ ಕೇಳಿ ನಕ್ಕರು. "ಹೆಂಡತಿಯೇ ಇಲ್ಲ ಮಾರಾಯ್ತಿ. ಕಾರಿಗೆ ಸುರಿದ ಮೇಲೆ ಮದುವೆಗೆ ದುಡ್ಡು ಎಲ್ಲಿಂದ ಅಂತಾರೆ."

ನನಗೆ ನಗು ಬರಲಿಲ್ಲ. ಇಷ್ಟು ಖರ್ಚಿನ ಕಾರು ಅಲ್ಲಿ ಹೋಗಿ ಕೆಟ್ಟು ನಿಲ್ಲಬಾರದು ಅನ್ನಿಸಿತು. ಮರುದಿನ ಅವರು ಹೋಟೆಲಿನಿಂದ ಬರುವ ಮೊದಲೇ ಪೂಜೆ ಮಾಡಿದೆ. ಬಾನೆಟ್ಟಿಗೆ ಅರಸಿನ ಕುಂಕುಮ ಹಚ್ಚಿ, ಕೈತುಂಬ ಅಕ್ಷತೆ ಹಾಕಿ, ಆರತಿ ಎತ್ತಿದೆ. ಬಂಪರಿನ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಲಿಂಬೆಹಣ್ಣು ಮತ್ತು ಹಸಿಮೆಣಸು ಕಟ್ಟಿದೆ.

"ಬೇಗ ಒರೆಸು, ಪೈಂಟ್ ಹೋದೀತು," ಎಂದರು ಅಜ್ಜ. ಒರೆಸಿದೆ. ಕಟ್ಟಿದ್ದನ್ನು ಹೇಳಲಿಲ್ಲ.

ಲಾಸ್ ಏಂಜಲೀಸ್ ಬಂದರಿಗೆ ಜಪಾನಿನವರು ಕೆಂಪು ಕಾರಿನಲ್ಲಿ ಮುಂದೆ, ನಾವು ವ್ಯಾನಿನಲ್ಲಿ ಹಿಂದೆ. ಬಂದರಿನ ಅಂಗಳದಲ್ಲಿ ತಪಾಸಣೆಯವನೊಬ್ಬ ಬಗ್ಗಿ ಕಾರಿನ ಅಡಿ ನೋಡಿದ. ಎದ್ದಾಗ ಅವನ ಕೈಯಲ್ಲಿ ನನ್ನ ಲಿಂಬೆಹಣ್ಣು. ಜಪಾನಿಗೆ ಹೋಗುವ ಕಾರಿನಲ್ಲಿ ಹಣ್ಣು, ಕಾಳು, ಮಣ್ಣು ಏನೂ ಇರಬಾರದಂತೆ. ಆಮೇಲೆ ಅವನು ಒಳಗಿನ ಫ್ಯಾನ್ ಹಾಕಿದ. ಮುಂದಿನ ಗಾಜಿನ ಬುಡದ ಸಂದಿಯಿಂದ ಇಳಿದಿದ್ದ ಅಕ್ಷತೆಯ ಅಕ್ಕಿ ಒಳಗೆಲ್ಲೋ ಗಲಗಲ ಅಂದಿತು. ಎಲ್ಲ ತೆಗೆಯದೆ ಕಾರನ್ನು ಹಡಗಿಗೆ ಹತ್ತಿಸುವುದಿಲ್ಲ ಎಂದ.

ಅಜ್ಜನೂ ಜಪಾನಿನವರೂ ಇಸ್ತ್ರಿ ಪ್ಯಾಂಟಿನಲ್ಲೇ ಮೊಣಕಾಲೂರಿ ಹೆಕ್ಕಿದರು. ಹೆಕ್ಕಿದಷ್ಟೂ ಇತ್ತು. ನಾನು ಸೆರಗು ಹಿಡಿದುಕೊಂಡು ವ್ಯಾನಿನ ಪಕ್ಕ ನಿಂತಿದ್ದೆ. ಅಜ್ಜ ಬಂದರಿನವನಿಗೆ ಹೇಳಿದರು: "ಮೈ ವೈಫ್, ಶಿ ಈಸ್ ಫ್ರಮ್ ಎ ವಿಲೇಜ್." ಅಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತಿತ್ತು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಜಪಾನಿನವರು ನನ್ನ ಕಡೆ ನೋಡಿ ಏನೋ ಹೇಳಿದರು.

"ಅವರಲ್ಲೂ ಹೊಸ ಕಾರನ್ನು ದೇವಸ್ಥಾನಕ್ಕೆ ಒಯ್ಯುತ್ತಾರಂತೆ," ಎಂದರು ಅಜ್ಜ. "ಭಟ್ಟರಿಗೆ ದುಡ್ಡು ಕೊಡಬೇಕಂತೆ. ನೀನು ಪುಕ್ಕಟೆ ಮಾಡಿದ್ದಿ ಅಂತಾರೆ."

ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತದು. ನಾನು ತಲೆ ಎತ್ತಲಿಲ್ಲ.

ಗೇಟು ಮುಚ್ಚುವ ಹೊತ್ತಾಯಿತು. ಆ ಹಡಗು ಕಾರನ್ನು ಬಂದರಿನಲ್ಲೇ ಬಿಟ್ಟು ಹೋಯಿತು. ಅವರನ್ನು ಏರ್‌ಪೋರ್ಟಿಗೆ ಬಿಡುವಾಗ ಇನ್ನೊಂದು ಸಂಗತಿ ತಿಳಿಯಿತು. ನಿಲ್ಲಿಸಲು ಜಾಗ ತೋರಿಸದೆ ಅವರ ಊರಿನಲ್ಲಿ ಕಾರು ರಿಜಿಸ್ಟರ್ ಆಗುವುದಿಲ್ಲವಂತೆ. ಇಷ್ಟು ಅಗಲದ ಕಾರಿಗೆ ಜಾಗ ಸಿಕ್ಕುವುದೇ ಕಷ್ಟವೆಂದು ಅವರು ಆಗಲೇ ಬಾಡಿಗೆಗೆ ಹಿಡಿದಿದ್ದರು. ಇನ್ನು ಮುಂದಿನ ಹಡಗಿನ ತನಕ ಖಾಲಿ ಜಾಗಕ್ಕೆ ಬಾಡಿಗೆ.

"ಆ ಬಾಡಿಗೆ ನಾವೇ ಕೊಡುವ," ಎಂದೆ ಅಜ್ಜನ ಬೆನ್ನಿಗೆ.

"ಕೇಳಿದೆ. ಬೇಡವೇ ಬೇಡ ಅಂತಾರೆ."

ಇಳಿದು ಅವರು ಸೊಂಟ ಬಗ್ಗಿಸಿ ನನಗೆ ನಮಸ್ಕರಿಸಿದರು. ಸಾರಿ ಎನ್ನಲು ನನಗೆ ಬರುತ್ತಿತ್ತು. ಬಾಯಿಂದ ಬಂದದ್ದು "ಹೋಗಿ ಬನ್ನಿ."

ಮುಂದಿನ ಶನಿವಾರ ಅಜ್ಜ ಬಂದರಿಗೆ ಹೋಗಿ ಡ್ಯಾಶ್‌ಬೋರ್ಡ್ ಬಿಚ್ಚಲು ಹೊರಟಾಗ ಕರೆಯದೆಯೇ ವ್ಯಾನ್ ಹತ್ತಿದೆ. ಕಿಂಡಿಯೊಳಗೆ ಅಜ್ಜನ ಕೈ ಹೋಗಲಿಲ್ಲ. ನಾನು ಬಳೆ ತೆಗೆದಿಟ್ಟು ನನ್ನ ಕೈ ಹಾಕಿದೆ. ಬಂದರಿನವನು ನೋಡುತ್ತಾ ನಿಂತಿದ್ದ. ಅವನೆದುರೇ ಒಂದೊಂದು ಕಾಳನ್ನೂ ಹೆಕ್ಕಿ ಸೆರಗಿನಲ್ಲಿ ಹಾಕಿಕೊಂಡೆ.