ಹಿಂದಿನ ಮನೆಯಿಂದ ಬಂದ ಮೊದಲ ಆರ್ಡರ್

ಗೆಳೆಯರೇ, ಅಮ್ಮನ ಚಟ್ನಿಪುಡಿಯನ್ನು ಆನ್‌ಲೈನ್‌ನಲ್ಲಿ ಮಾರಲು ಶುರುಮಾಡಿದೆನಲ್ಲ, ಇವತ್ತು ಬೆಳಿಗ್ಗೆ ಮೊದಲ ಆರ್ಡರ್ ಬಂತು. ಬೇರೆಲ್ಲಿಂದಲೂ ಅಲ್ಲ, ಚಿನ್ನದ ಗಣಿಯ ಊರಾದ ಇದೇ ಊರಿಗಾಂನಲ್ಲಿ, ನಮ್ಮ ಹಿತ್ತಲ ಗೋಡೆಯಾಚೆ ಹಿಂದಿನ ಮನೆಯ ಸೆಲ್ವಿ ಆಂಟಿಯಿಂದ! ಕೊರಿಯರ್‌ಗೆಂದು ನಾನು ಡಬ್ಬಕ್ಕೆ ಟೇಪು ಸುತ್ತುತ್ತಿದ್ದರೆ ಅಮ್ಮನಿಗೆ ರೇಗಿತು.

"ಗೋಡೆ ಆಚೆ ಇರೋಳಿಗೆ ಕೊರಿಯರ್ ಯಾಕಮ್ಮಿ? ನಾನೇ ಕೊಟ್ಟು ಬತ್ತೀನಿ."

ನಾನೂ ಜೊತೆಗೆ ಹೋದೆ. ಬಾಗಿಲಲ್ಲೇ ಅಮ್ಮ ಕೇಳಿದಳು: "ಏನ್ ಸೆಲ್ವಿ, ಗಣಿ ಮುಚ್ಚೋಕೆ ಮುಂಚೆ ಗೋಡೆ ಮೇಲಿಂದ ಕೂಗಿ ಬಟ್ಲು ಚಾಚ್ತಿದ್ದೆ. ಈಗ ಫೋನಲ್ಲಿ ಕೇಳ್ತೀಯಾ?"

"ಈಗ ಕೂಗಿದ್ರೆ ಯಾರಕ್ಕಾ ಬತ್ತಾರೆ? ಫೋನ್ ಒತ್ತಿದ್ದಕ್ಕೆ ನೀನೇ ಬಂದ್ಬಿಟ್ಟೆ ನೋಡು."

ಅಮ್ಮ ಅವರ ಜಗಲಿ ಮೇಲೆ ಕೂತಳು. ನಾನು ಮನೆಗೆ ಬಂದೆ.

ಆನ್‌ಲೈನ್ ವ್ಯಾಪಾರ ಶುರುಮಾಡುವವರೇ, ನೆರೆಯವರ ಆರ್ಡರ್ ಕೊಡಲು ಪುಡಿ ಕುಟ್ಟುವವರನ್ನೇ ಕಳಿಸಬೇಡಿ. ಸಂಜೆಯಾಯಿತು, ಎರಡನೇ ಆರ್ಡರೂ ಬಂತು, ಅಮ್ಮ ಇನ್ನೂ ಬಂದಿಲ್ಲ.