ಸಿಹಿನೀರಜ್ಜಿಯ ಬೊಗಸೆ

ಸಮುದ್ರದಲ್ಲಿ ಮಿಂದು ಬಂದವರ ಮೈಯ ಉಪ್ಪು ಕಳೆಯುವುದು ಅವಳ ಕಸುಬು. ತಗಡಿನ ನಾಲ್ಕು ಬಚ್ಚಲು, ಹಿಂದೊಂದು ಬಾವಿ. ಮದುವೆಯಾಗಿ ಬಂದಾಗ ಆ ದಂಡೆಯ ಮೇಲೆ ಬಲೆ ಒಣಗಿಸುವ ಕಂಬಗಳ ಹೊರತು ಬೇರೇನೂ ಇರಲಿಲ್ಲ. ಆಮೇಲೆ ಉಳ್ಳವರ ಬೇಸಿಗೆಮನೆಗಳು ಬಂದವು. ಅವನ್ನು ಕೆಡವಿ ಹೋಟೆಲುಗಳು ಎದ್ದವು, ಒಂದೊಂದಕ್ಕೂ ಎರಡು ಬೋರ್‌ವೆಲ್. ಅಲೆಗೆ ಇಷ್ಟು ಹತ್ತಿರವಿದ್ದೂ ಅವಳ ಬಾವಿ ಕೆಡಲಿಲ್ಲವೆಂದು ಜನ ಅವಳನ್ನು ಸಿಹಿನೀರಜ್ಜಿ ಎಂದರು.

ಬೆಳಿಗ್ಗೆ ಮೊದಲ ಕೊಡ ಸೇದಿ, ಒಂದು ಬೊಗಸೆ ಕುಡಿದು ನೋಡಿಯೇ ಬಾಗಿಲು ತೆರೆಯಬೇಕು, ಉಪ್ಪೆನಿಸಿದರೆ ತೆರೆಯಕೂಡದು. ಇದು ಬಚ್ಚಲು ಕಟ್ಟಿಸಿದಾಗ ಅವಳ ಅತ್ತೆ ಹಾಕಿಕೊಟ್ಟ ಕಟ್ಟಳೆ. ನಲವತ್ತು ವರ್ಷದಲ್ಲಿ ಬಾಗಿಲು ಒಂದು ದಿನವೂ ಮುಚ್ಚಿರಲಿಲ್ಲ.

ಈ ಬೇಸಿಗೆಯಲ್ಲಿ ಬರುವವರು ಕಡಿಮೆಯಾದರು. ಮಿಂದ ಮೇಲೂ ಮೈ ಅಂಟುತ್ತದೆ ಎಂದವರಿಗೆ, ತಿಕ್ಕಿಕೊಳ್ಳಲು ಸೋಮಾರಿತನವಾದರೆ ಬಾವಿಯೇನು ಮಾಡೀತು ಎಂದು ಅಜ್ಜಿ ಮೂದಲಿಸಿದಳು. ಪುರಸಭೆಯವನು ಶೀಸೆಯಲ್ಲಿ ನೀರು ಒಯ್ದು, ಉಪ್ಪು ಸೇರಿದೆ, ತಿಂಗಳೊಳಗೆ ಬಚ್ಚಲು ಮುಚ್ಚಿ ಎಂದು ಕಾಗದ ಕಳಿಸಿದ. ಹೋಟೆಲಿನವರು ಅವನ ಕೈ ಬಿಸಿ ಮಾಡಿದ್ದಾರೆಂದು ಅವಳಿಗೆ ಖಾತ್ರಿಯಾಯಿತು. ಸಾಕ್ಷಿಗೆ ಸೊಸೆಯನ್ನು ಕರೆದಳು.

"ನೀನು ಇದೇ ನೀರಲ್ಲಿ ಅಡುಗೆ ಮಾಡ್ತೀಯಲ್ಲ, ಬಂದು ಹೇಳು ಅವನಿಗೆ."

ಸೊಸೆ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು. "ಇಲ್ಲ ಅತ್ತೆ. ಎರಡು ವರ್ಷದಿಂದ ಬೀದಿ ನಲ್ಲಿ ನೀರು ತರ್ತಿದೀನಿ. ನೀವು ನೊಂದ್ಕೋತೀರಿ ಅಂತ ಹೇಳ್ಲಿಲ್ಲ."

"ನಿನ್ನ ನಾಲಿಗೆ ಕೆಟ್ಟಿದೆ."

ಸೊಸೆ ಒಂದು ಬೋಗುಣಿಗೆ ಬಾವಿಯ ನೀರು, ಇನ್ನೊಂದಕ್ಕೆ ನಲ್ಲಿಯ ನೀರು ಸುರಿದು ಎರಡರಲ್ಲೂ ಸೋಪು ಉಜ್ಜಿದಳು. ಒಂದರಲ್ಲಿ ನೊರೆ ಉಕ್ಕಿತು. ಬಾವಿಯ ನೀರಿನಲ್ಲಿ ಸೋಪು ಒಡೆದ ಹಾಲಿನಂತೆ ತೇಲಿತು.

ಎರಡು ವರ್ಷದಿಂದ ಪ್ರತಿ ಊಟಕ್ಕೂ ಉಪ್ಪು ಸಾಲದೆಂದು ಸೊಸೆಯನ್ನು ಬೈದದ್ದು ಅಜ್ಜಿಗೆ ನೆನಪಾಯಿತು. ಕಡಲು ಚಿಟಿಕೆ ಚಿಟಿಕೆಯಾಗಿ ಬಂದಿತ್ತು. ದಿನಕ್ಕೊಂದು ಬೊಗಸೆಯಂತೆ ಅವಳ ನಾಲಿಗೆ ಅದಕ್ಕೆ ಒಗ್ಗಿಹೋಗಿತ್ತು. ಎಷ್ಟು ಜನರ ಮೈಯ ಉಪ್ಪನ್ನು ಉಪ್ಪಿನಿಂದಲೇ ತೊಳೆದು ಕಳಿಸಿದ್ದಳೋ.

ಮರುದಿನ ಮೊದಲ ಕೊಡ ಸೇದಿ, ಬೊಗಸೆಯನ್ನು ಸೊಸೆಯ ಬಾಯಿಗೆ ಹಿಡಿದಳು. "ನೀನು ನೋಡು."

ಸೊಸೆ ನುಂಗಲಾರದೆ ಉಗುಳಿದಳು.

ಅಜ್ಜಿ ಬಾಗಿಲು ತೆರೆಯಲಿಲ್ಲ. ಹತ್ತು ಗಂಟೆಗೆ ಒದ್ದೆ ಮೈಯವರು ಯಾರೋ ಬಂದು ತಗಡು ಬಡಿದರು, ಕೂಗಿದರು, ಹೊರಟುಹೋದರು. ಅವಳು ಬಾವಿಕಟ್ಟೆಯ ಮೇಲೆ ಕೂತು ಇನ್ನೊಂದು ಬೊಗಸೆ ಕುಡಿದಳು, ಮತ್ತೊಂದು ಕುಡಿದಳು. ಸಿಹಿಯಾಗಿಯೇ ಇತ್ತು.